ಒನಕೆಯ ಸಾಕ್ಷಿ

ಬೆಳಗಿನಿಂದ ಸುವಾರ್ತಮ್ಮನಿಗೆ ತನ್ನ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ. ಜಡೆ ಹಾಕಿಕೊಂಡಳು, ಬಿಚ್ಚಿದಳು, ಮತ್ತೆ ಹಾಕಿಕೊಂಡಳು. ಸೆರಗಿಗೆ ಪಿನ್ನು ಚುಚ್ಚುವಾಗ ಬೆರಳಿಗೆ ತಾಗಿ ಹನಿ ರಕ್ತ ಬಂತು. ಅದನ್ನು ಬಾಯಿಗಿಟ್ಟು ಚೀಪುತ್ತ, ಬಿಳಿ ಬಟ್ಟೆ ಸುತ್ತಿಸಿಕೊಂಡು ಮೂಲೆಯಲ್ಲಿ ನಿಂತಿದ್ದ ಒನಕೆಯ ಕಡೆ ನೋಡಿಯೂ ನೋಡದ ಹಾಗೆ ನೋಡಿದಳು. ಹೆಣಕ್ಕೆ ಸುತ್ತಿದ ಹಾಗೆ ಸುತ್ತಿದ್ದಾನೆ ಅಪ್ಪ, ಎಂದುಕೊಂಡಳು. ಇವತ್ತು ತಾಯಲೂರಿನ ಕ್ರೈಸ್ತ ಸಭೆಗೆ ಸೀಮೆಯಿಂದ ಹೊಸ ಮಿಷನರಿ ದೊರೆ ಬರುತ್ತಾರೆ. ಅಪ್ಪ ಎದ್ದು ನಿಂತು ಸಾಕ್ಷಿ ಹೇಳುತ್ತಾನೆ: ತಾನು ಹೇಗೆ ಆವಲಪ್ಪನೆಂಬ ಕುಡುಕನಾಗಿದ್ದೆ, ಹೇಗೆ ಕಟ್ಟಿಕೊಂಡ ಹೆಂಡತಿಯನ್ನು ಈ ಒನಕೆಯಿಂದಲೇ ಹೊಡೆದು ಕೊಂದೆ, ಹೇಗೆ ಯೇಸು ತನ್ನನ್ನು ತೊಳೆದು ಪೌಲಪ್ಪನನ್ನಾಗಿ ಮಾಡಿದ. ಆಮೇಲೆ ಅವಳು ಎದ್ದು ನಿಲ್ಲಬೇಕು. ಸತ್ತವಳ ಮಗಳಾಗಿ ನಿಂತು, ಈ ಮನುಷ್ಯನನ್ನು ನಾನು ಮನಃಪೂರ್ವಕ ಕ್ಷಮಿಸಿದ್ದೇನೆ, ಇವನ ನಡತೆ ಈಗ ನಿರ್ಮಲ ಎನ್ನಬೇಕು. ಹಾಗೆ ಹೇಳಿದರೆ ಅಪ್ಪ ಊರೂರಿಗೆ ಹೋಗಿ ಬೋಧಿಸುವ ಉಪದೇಶಿಯಾಗುತ್ತಾನೆ. ಮನೆಯವರೊಬ್ಬರ ಬಾಯಿಂದ ನಡತೆಯ ಮಾತು ಬರದೆ ಯಾರನ್ನೂ ಉಪದೇಶಿ ಮಾಡುವುದಿಲ್ಲವೆಂಬುದು ಸಭೆಯ ನಿಯಮ. ಮನೆಯಲ್ಲಿ ಉಳಿದಿದ್ದವಳು ಅವಳೊಬ್ಬಳೇ.

ಹೊರಗೆ ಅಪ್ಪ ಅಂಗಳ ಗುಡಿಸುತ್ತಿದ್ದ. ಗಂಡಸು ಪೊರಕೆ ಹಿಡಿದದ್ದನ್ನು ನೋಡಿ ಕೇರಿಯವರು ಮೊದಮೊದಲು ನಗುತ್ತಿದ್ದರು. ಈಗ ಆ ನಗುವೂ ಹಳತಾಗಿತ್ತು. ಅವಳು ಕೋಲಾರದ ಬೋರ್ಡಿಂಗಿನಲ್ಲಿ ಓದು ಮುಗಿಸಿ ಕೇರಿಯ ಶಾಲೆಗೆ ಟೀಚರಾಗಿ ಬಂದ ಮೇಲೆ ಒಂದು ದಿನವಾದರೂ ಒಲೆಯ ಬೂದಿ ತೆಗೆಯಲು ಅವಳಿಗೆ ಬಿಟ್ಟಿರಲಿಲ್ಲ. ಜ್ವರ ಬಂದಾಗ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟು ಬದಲಾಯಿಸುತ್ತ ಕೂತಿದ್ದ. ಹೆಂಡದಂಗಡಿಯ ದಾರಿಯನ್ನೇ ಬಿಟ್ಟು ಕೆರೆ ಏರಿ ಸುತ್ತಿಕೊಂಡು ಹೋಗುತ್ತಿದ್ದ. ಕೈ ಎತ್ತುವುದಿರಲಿ, ದನಿ ಎತ್ತುತ್ತಿರಲಿಲ್ಲ. ಅವನು ಕಪಟಿಯಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು! ಬಂದ ಹೊಸದರಲ್ಲಿ ಅವಳು ಪೊಲೀಸಿನವರಂತೆ ಹುಡುಕಿದ್ದಳು: ಉಸಿರಿನಲ್ಲಿ ವಾಸನೆ, ಮಾತಿನಲ್ಲಿ ಸುಳ್ಳು, ಕಣ್ಣಿನ ಮೂಲೆಯಲ್ಲಿ ಆ ಹಳೆಯ ಕೆಂಪು. ಏನೂ ಸಿಗಲಿಲ್ಲ. ಅವನು ನಿಜವಾಗಿಯೂ ಒಳ್ಳೆಯವನಾಗಿಬಿಟ್ಟಿದ್ದ. ಬದಲಿಗೆ ಮೊನ್ನೆ ಶುಕ್ರವಾರ ಸ್ಲೇಟು ಬೀಳಿಸಿದ ಹುಡುಗಿಯೊಬ್ಬಳ ಕೆನ್ನೆಗೆ ಅವಳೇ ಬಾರಿಸಿದ್ದಳು. ಹೊಡೆಯಬೇಕೆಂದು ಅಂದುಕೊಳ್ಳುವ ಮೊದಲೇ ಕೈ ಹೋಗಿ ಬಂದಿತ್ತು. ಹುಡುಗಿ ಅಳಲಿಲ್ಲ. ಇದು ಬರುವುದೇ ಇತ್ತು ಎನ್ನುವ ಹಾಗೆ ಸುಮ್ಮನೆ ತಲೆ ತಗ್ಗಿಸಿದಳು. ಆ ತಲೆ ತಗ್ಗಿಸುವಿಕೆ ಅವಳಿಗೆ ಗೊತ್ತಿತ್ತು, ಅದು ಅಮ್ಮನದು. ಅಪ್ಪನಿಂದ ತೊಳೆದುಹೋದದ್ದು ಹರಿದು ಬಂದು ತನ್ನ ಮೊಣಕೈಯಲ್ಲಿ ನಿಂತಿದೆಯೇ ಎಂದು ಅವತ್ತಿನಿಂದ ಅನುಮಾನ.

"ಟೀಚರಮ್ಮಾ, ಒನಕೆ ಇವತ್ತೂ ಸವಾರಿ ಹೊರಟೈತಾ?"

ಬಾಗಿಲಲ್ಲಿ ಮುನ್ನೀ ಬೀ. ಕೇರಿಯ ಕೊನೆಗೆ ಅಂಟಿಕೊಂಡ ಹಾಗಿರುವ ಮನೆ ಅವಳದು. ಮೆಣಸಿನಕಾಯಿ ಕುಟ್ಟಿ ಪುಡಿ ಮಾರುತ್ತಾಳೆ. ಅವಳ ಬುರ್ಖಾದ ಮೇಲೂ ಸದಾ ಕೆಂಪು ಧೂಳು. ಅವಳು ಬಂದಲ್ಲೆಲ್ಲ ಯಾರಾದರೊಬ್ಬರು ಸೀನುತ್ತಾರೆ.

"ಇದೊಂದು ದಿನ, ಖಾಲಾ. ಸಂಜೆ ತಂದುಕೊಡ್ತೀನಿ."

"ಹೋದ ಸಲಾನೂ ಇದೊಂದು ದಿನ ಅಂದ್ರಿ. ಹೊಸದು ಮಾಡಿಸಿದೀನಿ, ಅದು ಹಗೂರ. ಎಷ್ಟು ಕುಟ್ಟಿದ್ರೂ ಬೀಜ ಬೀಜಾನೇ ಉಳೀತದೆ. ಅಲ್ಲಾ, ನಿಮ್ಮ ದೊರೆಗಳು ಒನಕೆ ನೋಡೇ ಇಲ್ವಾ? ಅವರ ದೇಶದಾಗೆ ಖಾರ ತಿನ್ನಲ್ವಾ?"

"ತಿನ್ನಲ್ಲ."

"ಅದಕ್ಕೇ ಮುಖ ಹಂಗೆ ಬೆಳ್ಳಗೆ," ಎಂದು ಮುನ್ನೀ ಬೀ ನಕ್ಕಳು. ಆಮೇಲೆ ಮೂಲೆಯ ಕಡೆ ನೋಡಿ ನಗು ನಿಲ್ಲಿಸಿದಳು. "ನಿಮ್ಮಮ್ಮ ಆಂಜಿನಮ್ಮ ಸಾಮಾನು ತಗೊಂಡು ಹೋದ್ರೆ ತೊಳೆದು ತಂದುಕೊಡ್ತಿದ್ಲು. ನನ್ನ ಮಗ ಖುದ್ದೂಸ್ ಇವತ್ತು ಬದುಕಿದಾನೆ ಅಂದ್ರೆ ಅವಳ ಕೈ ಗಂಜಿಯಿಂದ. ನಮಾಜ್ ಆದ್ಮೇಲೆ ದಿನಾ ಅವಳ ಹೆಸರು ಹೇಳ್ತೀನಿ. ಮೌಲ್ವಿ ಸಾಬ್ರು, ಅವಳು ನಮ್ಮೋಳಲ್ಲ, ಹಂಗೆಲ್ಲ ಹೇಳ್ಬಾರ್ದು ಅಂತಾರೆ. ಅವರ ಎದುರಿಗೆ ಹೇಳಲ್ಲ, ಅಷ್ಟೇ."

ಸುವಾರ್ತಮ್ಮ ಮೊಣಕಾಲೂರಿ ಕೂತು ಕಲಿತ ಅಷ್ಟೂ ಪ್ರಾರ್ಥನೆಗಳಲ್ಲಿ ಅಮ್ಮನ ಹೆಸರಿಗೆ ಎಡೆಯಿರಲಿಲ್ಲ; ಮೆಣಸಿನ ಧೂಳು ಮೆತ್ತಿದ ಈ ಮುದುಕಿಯ ಬಾಯಲ್ಲಿ ದಿನವೂ ಇತ್ತು. ಅವಮಾನವಾಯಿತು. ಒನಕೆಯನ್ನು ಈಗಲೇ ಕೊಟ್ಟುಬಿಡಲೇ ಎಂದುಕೊಂಡಳು. ಕೊಡಲಿಲ್ಲ.

ಗಂಜಿ. ಅದೇ ಎಲ್ಲಕ್ಕೂ ಮೊದಲು. ಆ ವರ್ಷ ವಾಂತಿಭೇದಿ ಬಂದು ಮುನ್ನೀ ಬೀಯ ಮನೆಯಲ್ಲಿ ಗಂಡ ಹೋದ, ದೊಡ್ಡ ಮಗಳು ಹೋದಳು, ಚಿಕ್ಕವನು ಮಲಗಿದ. ಕೇರಿಯವರೂ ಸಾಬರೂ ಆ ಮನೆಯ ದಾರಿಗೆ ಮುಳ್ಳು ಎಳೆದರು. ಅಮ್ಮ ಆ ಮುಳ್ಳನ್ನು ಕಾಲಿನಿಂದ ಸರಿಸಿ, ಗಡಿಗೆಯಲ್ಲಿ ಉಪ್ಪು ಹಾಕಿದ ರಾಗಿ ಗಂಜಿ ಹೊತ್ತು ಹೋಗುತ್ತಿದ್ದಳು. ಹೋಗಬೇಡ ಎಂದ ಅಪ್ಪ. ಹೋದಳು. ರೋಗ ಮನೆಗೆ ತರ್ತೀಯೇನೇ ಎಂದ. ಆ ಮಗೂಗೆ ಯಾರವ್ರೆ ಅಂದಳು. ಹೆಂಡ ಕುಡಿದು ಬಂದಿದ್ದ ಅಪ್ಪ ಒದ್ದ. ಒಂದೇ ಒದೆ, ಅದಕ್ಕಿಂತ ಹೆಚ್ಚು ಒದೆ ತಿಂದ ದಿನಗಳು ಅಮ್ಮನಿಗೆ ಎಷ್ಟೋ ಇದ್ದವು. ಆದರೆ ಅವತ್ತು ಹಿಂದೆ ಒರಳು ಇತ್ತು. ನೆಲಕ್ಕೆ ಹೂತ ಕಲ್ಲಿನ ಒರಳಿನ ಅಂಚಿಗೆ ತಲೆ ತಾಗಿ ಬಿದ್ದಳು, ಮತ್ತೆ ಮಾತಾಡಲಿಲ್ಲ. ಮಾರನೆಯ ದಿನ ಪಟೇಲನ ಎದುರು ಜಾರಿ ಬಿದ್ದಳು ಎಂದರು. ಪಟೇಲನಿಗೂ ಅಷ್ಟು ಸಾಕಾಗಿತ್ತು. ಹೊಲಗೇರಿಯ ಹೆಂಗಸೊಬ್ಬಳ ತಲೆಯ ವಿಚಾರಕ್ಕೆ ಮುಳಬಾಗಿಲಿನ ಠಾಣೆಗೆ ಯಾರು ಓಡಾಡುತ್ತಾರೆ! ಅಮ್ಮನನ್ನು ಕೆರೆಯಂಚಿನಲ್ಲಿ ಹೂಳಿದರು. ಸುವಾರ್ತಮ್ಮ ಆಗ ಸುವಾರ್ತಮ್ಮಳಾಗಿರಲಿಲ್ಲ. ಕದಿರಿಯಾಗಿದ್ದಳು, ಕದಿರಿಯ ಕೈಯಲ್ಲಿ ಗಂಜಿಯ ಸೌಟು ಹಾಗೇ ಇತ್ತು.

ಆಮೇಲೆ ಅಪ್ಪನಿಗೆ ನಿದ್ದೆ ಹೋಯಿತು, ಕುಡಿದರೂ ಅಮಲೇರದಾಯಿತು, ಒಂದು ದಿನ ತಾಯಲೂರಿಗೆ ಹೋಗಿ ಮಿಷನ್ನಿನ ಬಿಳಿ ಮಿಸ್ಸಮ್ಮನ ಕಾಲ ಬಳಿ ಬಿದ್ದ. ದೀಕ್ಷಾಸ್ನಾನ ತೆಗೆದುಕೊಂಡ, ಮಗಳಿಗೂ ಕೊಡಿಸಿದ. ಮೊದಲ ಸಲ ಸಭೆಯಲ್ಲಿ ನಿಂತಾಗ ಇದ್ದದ್ದನ್ನು ಇದ್ದಹಾಗೆ ಹೇಳಿದ್ದ: ಒದ್ದೆ, ಬಿದ್ದಳು, ಸತ್ತಳು. ಯಾರೂ ಅಳಲಿಲ್ಲ. ಕೂತಿದ್ದ ಗಂಡಸರೆಲ್ಲ ಒದ್ದವರು, ಹೆಂಗಸರೆಲ್ಲ ಒದೆಸಿಕೊಂಡವರು. ಇದರಲ್ಲಿ ಕರಗುವಂಥದ್ದೇನು ಎಂಬ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಿಸ್ಸಮ್ಮ ಪಕ್ಕದವರ ಮೂಲಕ ಕೇಳಿಸಿದರು: ಯಾವುದರಿಂದ ಹೊಡೆದೆ? ಯಾವುದರಿಂದಲಾದರೂ ಹೊಡೆದೇ ಇರಬೇಕೆಂದು ಆ ಪ್ರಶ್ನೆಯಲ್ಲಿಯೇ ಇತ್ತು. ಅಪ್ಪ ಸುತ್ತ ನೋಡಿದ. ಒನಕೆಯಿಂದ, ಎಂದ. ಸಭೆ ಉಸಿರು ಹಿಡಿಯಿತು. ಹೆಂಗಸೊಬ್ಬಳು ಅಯ್ಯೋ ಎಂದಳು. ಮಿಸ್ಸಮ್ಮನ ಕಣ್ಣು ತುಂಬಿತು. ಮುಂದಿನ ಸಲ, ಆ ಒನಕೆ ಈಗಲೂ ಇದೆಯೇ, ತರಬಹುದೇ ಎಂದರು. ಮನೆಯ ಒನಕೆಯನ್ನು ಅಮ್ಮನ ತಾಯಿ ದೊಡ್ಡಗಂಗಮ್ಮ ಮಗಳ ಸಾಮಾನೆಂದು ಹೊತ್ತುಕೊಂಡು ಹೋಗಿದ್ದಳು. ಅಪ್ಪ ಮುನ್ನೀ ಬೀಯ ಮನೆಗೆ ಹೋಗಿ ಕೈಗಡ ತಂದ. ಅದು ಹೋಳೂರಿಗೆ ಹೋಯಿತು, ನರಸಾಪುರಕ್ಕೆ ಹೋಯಿತು, ಶ್ರೀನಿವಾಸಪುರದ ಸಂತೆಯಲ್ಲಿ ಗಾಡಿಯ ಮೇಲೆ ನಿಂತು ಪಾಪದ ಗುರುತಾಗಿ ಜನರನ್ನು ಅಳಿಸಿತು. ಕಥೆಯಲ್ಲಿ ಒನಕೆ ಬಂದಂತೆ ಗಂಜಿ ಹೋಯಿತು. ಹೋಗಲೇಬೇಕಿತ್ತು. ಯಾರದೋ ಮಗುವಿಗೆ ಗಂಜಿ ಕುಡಿಸಿ ಅದಕ್ಕಾಗಿ ಸತ್ತವಳು ಕಥೆಯೊಳಗಿದ್ದರೆ, ಕೇಳಿದವರು ಮೊದಲು ಕೇಳುವುದು, ಹಾಗಾದರೆ ಅವಳು ಎಲ್ಲಿಗೆ ಹೋದಳು ಎಂದು. ಸ್ನಾನ ಆಗದೆ ಸತ್ತವಳು. ಯೇಸುವಿನ ಹೆಸರನ್ನು ಕಿವಿಯಲ್ಲಾದರೂ ಕೇಳದೆ ಸತ್ತವಳು. ಆದ್ದರಿಂದ ಸಲಸಲಕ್ಕೆ ಅಮ್ಮ ಕೆಡುತ್ತ ಹೋದಳು: ಜಗಳಗಂಟಿಯಾದಳು, ಊರ ದೇವತೆ ಗಂಗಮ್ಮನ ಮುಂದೆ ಮೈಮೇಲೆ ಬರಿಸಿಕೊಂಡು ಕುಣಿಯುವವಳಾದಳು, ಕೊನೆಗೆ ಹೆಂಡವನ್ನೂ ಕುಡಿದಳು. ಗಂಡ ಏರಿದಷ್ಟೂ ಹೆಂಡತಿ ಇಳಿದಳು. ಬೋರ್ಡಿಂಗಿನ ಹುಡುಗಿಯರ ಕೂಟದಲ್ಲಿ ಸುವಾರ್ತಮ್ಮ ಕೂಡ ಅದೇ ಒನಕೆಯ ಕಥೆ ಹೇಳಿದ್ದಳು. ಹುಡುಗಿಯರು ಅತ್ತಿದ್ದರು, ಮಿಸ್ಸಮ್ಮ ಎದೆಗೊತ್ತಿಕೊಂಡಿದ್ದರು. ಆ ಎದೆಗೆ ಲ್ಯಾವೆಂಡರಿನ ವಾಸನೆಯಿತ್ತು, ಅವಳಿಗೆ ಬಹಳ ಹಿತವಾಗಿತ್ತು. ನೆನೆದರೆ ಈಗ ನಾಚಿಕೆಯಾಗುವುದು ಆ ಹಿತಕ್ಕೆ.

ದಾರಿಯಲ್ಲಿ ಅಪ್ಪ ಒನಕೆಯನ್ನು ಹೆಗಲ ಮೇಲಿಟ್ಟು ಮುಂದೆ ನಡೆಯುತ್ತಿದ್ದ. ರಾಗಿ ಕುಯ್ದ ಹೊಲಗಳಲ್ಲಿ ಕೂಳೆ ಉಳಿದಿತ್ತು. ಕೆರೆ ಏರಿಯ ಮೇಲೆ ಎದುರಾದ ಗೌಡರ ಹುಡುಗರು ಕೆಳಗಿಳಿಯಲಿಲ್ಲ. ಅಪ್ಪ ಇಳಿದ, ಅವಳೂ ಇಳಿದಳು. "ಏನ್ಲಾ ಪೌಲಾ, ಒನಕೆ ಓಬವ್ವನ ಗಂಡನ ಹಂಗೆ ಹೊರಟೆ," ಎಂದನೊಬ್ಬ. ಅಪ್ಪ ನಕ್ಕ. ಅವಮಾನವನ್ನು ಪ್ರಸಾದದಂತೆ ತಿನ್ನಲು ಕಲಿತಿದ್ದ ಅವನು. ಹುಡುಗರು ದಾಟಿ ಹೋದ ಮೇಲೂ ಇಬ್ಬರೂ ಇಳಿದ ಕಡೆಯಲ್ಲೇ, ಏರಿಯ ಇಳಿಜಾರಿನಲ್ಲಿ ಕಾಲು ಓರೆಯಾಗಿಟ್ಟುಕೊಂಡು ಸ್ವಲ್ಪ ದೂರ ನಡೆದರು. ಹತ್ತಿ ನಡೆಯಬಹುದು ಎನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ.

"ಅಪ್ಪಾ, ಅಮ್ಮ ಈಗ ಎಲ್ಲಿದಾಳೆ?"

ಅವನು ನಿಲ್ಲಲಿಲ್ಲ. ಒನಕೆಯನ್ನು ಆ ಹೆಗಲಿನಿಂದ ಈ ಹೆಗಲಿಗೆ ಬದಲಾಯಿಸಿದ.

"ನಾನೂ ಕೇಳಿದ್ದೆ ಕಣಮ್ಮ. ಸ್ನಾನ ಆದ ಹೊಸದ್ರಲ್ಲೇ ಪಾದ್ರಿ ಅಯ್ಯನೋರ ಹತ್ರ ಹೋಗಿ, ಅವಳ ಹೆಸರಲ್ಲಿ ಒಂದು ಪ್ರಾರ್ಥನೆ ಮಾಡ್ಕೊಳ್ಳಾ ಅಂದೆ. ಸತ್ತೋರಿಗೆ ಪ್ರಾರ್ಥನೆ ಇಲ್ಲ ಪೌಲಪ್ಪ ಅಂದ್ರು. ಬದುಕಿದ್ದಾಗ ನಂಬಿದ್ರೆ ಉಂಟು, ಇಲ್ದಿದ್ರೆ ಇಲ್ಲ."

"ನೀನೇನು ಅಂದೆ?"

"ನಂಬೋಕೆ ಅವಳಿಗೆ ಟೈಮೇ ಕೊಡ್ಲಿಲ್ವಲ್ಲ ಅಯ್ಯಾ ನಾನು, ಅಂದೆ."

"ಅದಕ್ಕೆ?"

"ಅವರು ನನ್ನ ತಲೆ ಮೇಲೆ ಕೈ ಇಟ್ರು." ಸ್ವಲ್ಪ ದೂರ ನಡೆದ ಮೇಲೆ, ತನಗೆ ತಾನೇ ಹೇಳಿಕೊಳ್ಳುವ ಹಾಗೆ ಎಂದ: "ನಂಬಿಕೆ ಅಂದ್ರೆ ಅದೇ ಅಲ್ವಾ. ಹೇಳಿದ್ದನ್ನ ನಂಬೋದು. ಅರ್ಧ ನಂಬಿ ಅರ್ಧ ಬಿಡೋಕಾಗ್ತದಾ? ಬಿಟ್ರೆ ನಾನು ಮತ್ತೆ ಆ ಹೆಂಡದಂಗಡಿಗೇ ಹೋಗ್ತೀನಿ, ಗ್ಯಾರಂಟಿ."

ಅವನ ಬೆನ್ನಿನ ಮೇಲೆ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಮುದಿ ಎತ್ತಿನ ಬೆನ್ನು. ಅದನ್ನು ನೋಡಿ ಅವಳಿಗೆ ಕರುಣೆ ಬಂತು, ಕರುಣೆ ಬಂದದ್ದಕ್ಕೆ ರೇಗಿತು. ಅವನು ನಡೆದುಹೋಗುತ್ತಿದ್ದಾನೆ, ಎಲ್ಲೋ ಎತ್ತರದ ಕಡೆಗೆ, ಕೊಂದವಳನ್ನು ಹಿಂದೆ ಬಿಟ್ಟು, ಅವಳನ್ನು ಕೊಂದದ್ದನ್ನೇ ಏಣಿ ಮಾಡಿಕೊಂಡು. ಅವನು ಅವಳನ್ನು ಕೊಲ್ಲದೆ ಇದ್ದಿದ್ದರೆ ಇವತ್ತಿಗೂ ಇಬ್ಬರೂ ಕೇರಿಯಲ್ಲಿ ಜಗಳವಾಡಿಕೊಂಡು ಬದುಕಿರುತ್ತಿದ್ದರು, ಇಬ್ಬರೂ ಸತ್ತು ಒಂದೇ ಕಡೆ ಹೋಗುತ್ತಿದ್ದರು. ಪಾಪ ಮಾಡಿದವನಿಗೆ ಪಶ್ಚಾತ್ತಾಪ ಪಡಲು ಆಯುಸ್ಸು ಸಿಕ್ಕಿತು. ಪಾಪ ಮಾಡದವಳ ಆಯುಸ್ಸನ್ನು ಅವನೇ ಕಿತ್ತುಕೊಂಡಿದ್ದ. ಈ ಲೆಕ್ಕವನ್ನು ಬೋರ್ಡಿಂಗಿನಲ್ಲಿ ಯಾರೂ ಕಲಿಸಿರಲಿಲ್ಲ. ತಾನೇ ಮಾಡಿಕೊಂಡರೂ ಪ್ರತಿಸಲ ಉತ್ತರ ಅದೇ.

ದೇವಸಹಾಯ ಅಯ್ಯನವರು ಸಭೆಯ ಕಟ್ಟಡದ ಪಕ್ಕದ ಕೋಣೆಯಲ್ಲಿ ನಿಲುವಂಗಿ ಹಾಕಿಕೊಳ್ಳುತ್ತಿದ್ದರು. ಅವರೂ ಇಂಥದೇ ಒಂದು ಕೇರಿಯಿಂದ ಬಂದವರು. ಅವರ ತಂದೆ ಮಾಲೂರಿನ ಕಡೆ ತಮಟೆ ಬಡಿಯುತ್ತಿದ್ದವರು ಎಂದು ಅವರೇ ಒಮ್ಮೆ ಹೇಳಿದ್ದರು. ಸುವಾರ್ತಮ್ಮ ಬಾಗಿಲಲ್ಲೇ ನಿಂತಳು.

"ಅಯ್ಯನೋರೇ, ಇವತ್ತು ನೀವು ಹೇಳಿಕೊಟ್ಟ ಮಾತು ಹೇಳ್ತೀನಿ. ನೀವೂ ನನಗೊಂದು ಮಾತು ಹೇಳ್ಬೇಕು."

"ಏನಮ್ಮ?"

"ನಮ್ಮಮ್ಮ ನರಕದಲ್ಲಿಲ್ಲ ಅಂತ. ಪೀಠದಿಂದ ಬೇಡ. ಇಲ್ಲೇ, ನನಗೊಬ್ಬಳಿಗೇ."

ಅವರು ಗುಂಡಿ ಹಾಕುವುದನ್ನು ನಿಲ್ಲಿಸಿದರು. ಅವರಿಗೂ ಕಷ್ಟವಾಗುತ್ತಿದೆಯೆಂದು ಅವಳಿಗೆ ಕಂಡಿತು. ಆ ಕಷ್ಟವೂ ಅವಳಿಗೆ ಸಾಕಾಗಿರಲಿಲ್ಲ.

"ಅವಳು ಒಳ್ಳೆಯ ಹೆಂಗಸು. ನಾನು ಕೇಳಿದೀನಿ. ಆದ್ರೆ ಒಳ್ಳೆಯತನದಿಂದ ಯಾರೂ ಸೇರೋದಿಲ್ಲಮ್ಮ, ಅವನ ಮೇಲಿನ ನಂಬಿಕೆಯಿಂದ ಸೇರ್ತಾರೆ. ಒಳ್ಳೆಯತನ ಆಮೇಲೆ ಬರೋ ಫಲ."

"ಅಮ್ಮನ ಮರದಲ್ಲಿ ಬೇರೇ ಇಲ್ದೆ ಹಣ್ಣು ಬಿಟ್ಟಿತ್ತಾ, ಅಯ್ಯನೋರೇ?"

"ದೇವರ ಕರುಣೆ ನಮ್ಮ ತಿಳಿವಳಿಕೆಗಿಂತ ದೊಡ್ಡದು," ಎಂದರು ಅವರು ನೆಲ ನೋಡುತ್ತ.

"ಹಾಗಾದ್ರೆ ಅಮ್ಮ ಅಲ್ಲಿಲ್ಲ ಅಂತ ಹೇಳಿ."

"ಹೇಳೋಕಾಗಲ್ಲ ಸುವಾರ್ತಮ್ಮ." ದನಿ ತಗ್ಗಿತು. "ನಾನು ಒಬ್ಬಳಿಗೆ ಹೇಳಿದ್ರೆ ಊರಿಗೆಲ್ಲ ಹೇಳಿದ ಹಾಗೆ. ಒಳ್ಳೆಯವರಾಗಿದ್ರೆ ಸಾಕು ಅಂತಾದ್ರೆ ಈ ಕೇರಿಗಳಲ್ಲಿ ಯಾರು ಸ್ನಾನ ತಗೋತಾರೆ? ಸ್ನಾನ ತಗೊಂಡಿದ್ದಕ್ಕೆ ಶಾಲೆ ಬಂತು, ಬಾವಿ ಬಂತು. ನೀನೇ ಟೀಚರಾದೆ. ನನ್ನ ಅಪ್ಪನೂ ಸ್ನಾನ ಇಲ್ದೆ ಸತ್ತ, ಕೈಲಿ ತಮಟೆ ಇತ್ತು. ನಾನು ಯಾರನ್ನ ಕೇಳ್ಲಿ?"

ಅವರ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿದಾಗ ಅವಳಿಗೆ ಎಲ್ಲ ಒಮ್ಮೆಲೇ ನಿಚ್ಚಳವಾಯಿತು. ಈ ಕಟ್ಟಡದಲ್ಲಿ ಕೂತಿರುವ ಒಬ್ಬೊಬ್ಬರೂ ಒಬ್ಬೊಬ್ಬರನ್ನು ಹೊರಗೆ ಬಿಟ್ಟು ಬಂದವರು. ಹಾಗೆ ಬಿಟ್ಟು ಬಂದದ್ದಕ್ಕೇ ಹಾಡು ಇಷ್ಟು ಜೋರು.

ಹೊಸ ದೊರೆ ಎಳೆಯ ವಯಸ್ಸಿನವರು. ಬಿಸಿಲಿಗೆ ಕಿವಿಗಳು ಕೆಂಪಾಗಿದ್ದವು. ಕನ್ನಡ ಬಾರದು. ಅಯ್ಯನವರು ಪಕ್ಕದಲ್ಲಿ ನಿಂತು ಸಾಲುಸಾಲಾಗಿ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದರು. ಅಪ್ಪ ಬಟ್ಟೆ ಬಿಚ್ಚಿ ಒನಕೆಯನ್ನು ಎತ್ತಿ ಹಿಡಿದ. ಮುಂದಿನ ಸಾಲಿನ ಶ್ಯಾಮಲಮ್ಮ ಸೀನಿದಳು. ಅವಳ ಪಕ್ಕದವಳೂ ಸೀನಿದಳು. ಎಷ್ಟು ಒರೆಸಿದರೂ ಆ ಮರದಿಂದ ಮೆಣಸಿನ ಘಾಟು ಹೋಗಿರಲಿಲ್ಲ. ದೊರೆಗೂ ಕಣ್ಣಲ್ಲಿ ನೀರು ಬಂತು. ಅದು ಕಥೆಗೋ ಖಾರಕ್ಕೋ ಅವಳಿಗೆ ತಿಳಿಯಲಿಲ್ಲ, ಅವರಿಗೂ ತಿಳಿದಿರಲಾರದು. ಅಪ್ಪ ಹೇಳುತ್ತಿದ್ದ. ಅವನ ದನಿ ಎಲ್ಲಿ ಒಡೆಯಬೇಕೋ ಅಲ್ಲಿ ಒಡೆಯಿತು, ಮತ್ತು ಆ ಒಡೆಯುವಿಕೆ ನಿಜವೇ ಆಗಿತ್ತು. ಸುಳ್ಳಾದ ಒನಕೆಯನ್ನು ಹಿಡಿದುಕೊಂಡು ಅವನು ನಿಜವಾದ ಕಣ್ಣೀರು ಸುರಿಸುತ್ತಿದ್ದ. ಗಂಗಮ್ಮನ ಮುಂದೆ ಕುಣಿಯುವ ಕುಡುಕಿ ಹೆಂಡತಿ ಬಂದಳು, ಒನಕೆ ಎದ್ದಿತು, ಬಿತ್ತು. ಸಭೆಯಲ್ಲಿ ಬಿಕ್ಕುವ ಸದ್ದು. ತನ್ನ ಹೆಸರು ಕೂಗಿದ್ದು ಸುವಾರ್ತಮ್ಮನಿಗೆ ದೂರದಿಂದ ಕೇಳಿದ ಹಾಗೆ ಕೇಳಿತು.

ಎದ್ದು ನಿಂತಳು. ಕಲಿತ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಬಾಯಿ ತೆರೆದರೆ ತಾನೇ ಬಿದ್ದುಹೋಗುವಷ್ಟು. ಅಪ್ಪ ಅವಳನ್ನೇ ನೋಡುತ್ತಿದ್ದ, ಬೇಡುವವನಂತೆ ಅಲ್ಲ, ತೀರ್ಪಿಗೆ ನಿಂತವನಂತೆ.

"ನಮ್ಮಪ್ಪ ಒಳ್ಳೆಯವನಾಗಿದಾನೆ," ಎಂದಳು. "ಅದು ನಿಜ. ಕುಡಿಯಲ್ಲ, ಹೊಡೆಯಲ್ಲ, ಸುಳ್ಳು ಹೇಳಲ್ಲ, ಈ ಒಂದನ್ನು ಬಿಟ್ಟು. ಅಮ್ಮನನ್ನ ಒನಕೆಯಿಂದ ಹೊಡೀಲಿಲ್ಲ. ಈ ಒನಕೆ ಮುನ್ನೀ ಬೀದು. ಅಮ್ಮನನ್ನ ಒದ್ದ. ನೀವೆಲ್ಲ ಒದೀತೀರಲ್ಲ, ಹಾಗೇ. ಅವಳು ಕುಣೀತಿರಲಿಲ್ಲ, ಕುಡೀತಿರಲಿಲ್ಲ. ಸಾಯ್ತಿದ್ದ ಮಗೂಗೆ ಗಂಜಿ ಕುಡಿಸಿ ಬಂದಿದ್ದಳು." ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆ ಎಂದು ಗೊತ್ತಿತ್ತು. "ಅಪ್ಪನನ್ನ ಕ್ಷಮಿಸಿದೀನೋ ಇಲ್ವೋ ನನಗೆ ಗೊತ್ತಿಲ್ಲ. ಕ್ಷಮಿಸ್ಬೇಕಾದವಳು ನಾನಲ್ಲ. ಆದ್ರೆ ಇಷ್ಟು ಹೇಳ್ತೀನಿ. ಮೇಲೆ ದೊಡ್ಡ ಊಟ ಇದೆ ಅಂತೀರಲ್ಲ, ಅಲ್ಲಿ ಒದ್ದವನಿಗೆ ಎಲೆ ಹಾಕಿ, ಬೇಡ ಅನ್ನಲ್ಲ. ಒದೆ ತಿಂದು ಸತ್ತವಳಿಗೆ ಎಲೆ ಇಲ್ಲದ ಪಂಕ್ತಿಯಲ್ಲಿ ನನಗೂ ಹಾಕ್ಬೇಡಿ."

ಯಾರೂ ಬಿಕ್ಕಲಿಲ್ಲ. ಹೆಂಗಸರ ಕಡೆ ಒಬ್ಬೊಬ್ಬರೂ ತಂತಮ್ಮ ಕಾಲ್ಬೆರಳು ನೋಡಿಕೊಂಡರು. ಶ್ಯಾಮಲಮ್ಮ ಪಕ್ಕದವಳ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಒದೆಗೆ ಯಾರಾದ್ರೂ ಸಾಯ್ತಾರೇನೇ? ನಾವೆಲ್ಲ ಬದುಕಿಲ್ವಾ?" ಎಂದಳು. ಅಪ್ಪನ ಕೈಯಲ್ಲಿ ಒನಕೆ ನಿಧಾನವಾಗಿ ಕೆಳಗಿಳಿಯಿತು. "ಹೌದು," ಎಂದ ಅವನು. ತುಂಬ ಮೆಲ್ಲಗೆ. "ಒದ್ದೆ." ಆ ಮೊದಲ ಸಲದ್ದನ್ನು ಬಿಟ್ಟರೆ, ಅಷ್ಟು ವರ್ಷಗಳಲ್ಲಿ ಅವನು ಹೇಳಿದ ಸಾಕ್ಷಿಗಳಲ್ಲೆಲ್ಲ ಅದೊಂದೇ ನಿಜದ ಸಾಕ್ಷಿ; ಅದನ್ನು ತಿರುಗಿಸಿ ಹೇಳುವವರು ಯಾರೂ ಇರಲಿಲ್ಲ.

ದೊರೆ ಅಯ್ಯನವರ ಕಡೆ ನೋಡಿದರು. ಅಯ್ಯನವರು ಒಂದು ಕ್ಷಣ ಅವಳನ್ನೇ ನೋಡಿದರು. ಆ ಒಂದು ಕ್ಷಣ ಸುವಾರ್ತಮ್ಮನಿಗೆ ಎಲ್ಲವೂ ಸಾಧ್ಯವೆನ್ನಿಸಿತು: ಅವರು ಹೇಳುತ್ತಾರೆ, ದೊರೆ ಬೆಚ್ಚುತ್ತಾರೆ, ಯಾರೋ ಎದ್ದು ಜಗಳಕ್ಕೆ ಬರುತ್ತಾರೆ, ಜಗಳದಲ್ಲಾದರೂ ಅಮ್ಮನ ಹೆಸರು ನಾಲ್ಕು ಜನರ ಬಾಯಲ್ಲಿ ಬರುತ್ತದೆ. ಅಯ್ಯನವರು ಕೆಮ್ಮಿ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದರು. ಬೋರ್ಡಿಂಗಿನಲ್ಲಿ ಕಲಿತಿದ್ದ ಅವಳಿಗೆ ಅಷ್ಟು ಇಂಗ್ಲಿಷು ಅರ್ಥವಾಗುತ್ತಿತ್ತು. ಮಗಳು ತಂದೆಯ ನಡತೆ ನಿರ್ಮಲವೆಂದು ಸಾಕ್ಷಿ ಹೇಳುತ್ತಾಳೆ. ಅವನಿಗೆ ಪರಲೋಕದ ಊಟದಲ್ಲಿ ಪಾಲುಂಟೆಂದು ಸಂತೋಷಪಡುತ್ತಾಳೆ. ಅಂಧಕಾರದಲ್ಲಿ ಸತ್ತ ತಾಯಿಗಾಗಿ ಅವಳ ಹೃದಯ ಒಡೆದಿದೆ. ಒಂದೊಂದು ಮಾತೂ ಅವಳು ಆಡಿದ ಮಾತಿನ ಚರ್ಮ ಸುಲಿದು ಹೊದ್ದುಕೊಂಡೇ ನಿಂತಿತ್ತು. ದೊರೆ ಎದ್ದು ಬಂದು ಅವಳ ಎರಡೂ ಕೈಗಳನ್ನು ಹಿಡಿದುಕೊಂಡರು. ಅವರ ಕೈ ಬೆಚ್ಚಗಿತ್ತು, ಬೆವರಿತ್ತು, ಯಾವ ಕೇಡೂ ತಿಳಿಯದ ಕೈ. ನೀವು ತಪ್ಪು ತಿಳಿದಿರಿ ಎಂದು ಇಂಗ್ಲಿಷಿನಲ್ಲಿ ಹೇಳಬೇಕೆಂದು ಬಾಯಿ ತೆರೆದಳು. ಬೋರ್ಡಿಂಗಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ದೊರೆ ಕೈ ಹಿಡಿದಾಗ ಹೇಳಲು ಒಂದೇ ಮಾತಿತ್ತು. "ಥ್ಯಾಂಕ್ಯೂ ಸರ್," ಎಂದಿತು ಬಾಯಿ.

ಅಪ್ಪ ಉಪದೇಶಿಯಾದ. ಎಲ್ಲರೂ ಹಾಡಲು ಎದ್ದರು. ಆ ಗಲಾಟೆಯಲ್ಲಿ ಅವಳು ಚಪ್ಪಲಿಗಳ ರಾಶಿ ದಾಟಿ ಹೊರಗೆ ಬಂದಳು.

ಹೊರಗೆ ಹುಣಸೆಮರದ ಕೆಳಗೆ ದೊಡ್ಡಗಂಗಮ್ಮ ಕೂತಿದ್ದಳು. ದೊಡ್ಡ ಸಭೆ ಇದ್ದಾಗಲೆಲ್ಲ ಮೊಮ್ಮಗಳನ್ನು ನೋಡಲು ಬರುತ್ತಾಳೆ. ಒಳಗೆ ಮಾತ್ರ ಕಾಲಿಡುವುದಿಲ್ಲ. ಮಗಳನ್ನು ಕೊಂದವನು ಹೇಳುವ ಕಥೆ ತನಗೆ ಬೇಕಿಲ್ಲ ಅನ್ನುತ್ತಾಳೆ. ಮಡಿಲಲ್ಲಿ ಹುರಿದ ಕಡಲೆಕಾಯಿ ಇತ್ತು.

"ಏಮೇ ಕದಿರಿ, ಅಷ್ಟರೊಳಗೆ ಎದ್ದು ಬಂದೆ? ತಿನ್ನು."

"ಬೇಡ ಅವ್ವಾ."

"ಕೊಟ್ರಾ ಆ ಕೆಲಸ ಅವನಿಗೆ?"

"ಕೊಟ್ರು."

"ಸ್ವರ್ಗಾನೂ?"

"ಅದು ಆಗ್ಲೇ ಕೊಟ್ಟಾಗಿತ್ತು."

ದೊಡ್ಡಗಂಗಮ್ಮ ಒಂದು ಕಡಲೆಕಾಯಿ ಬಿಡಿಸಿ ಸಿಪ್ಪೆ ಊದಿದಳು. "ನನ್ನ ಕೂತುರಿಗೆ, ನನ್ನ ಮಗಳಿಗೆ?"

"ಅವಳಿಗೆ ಇಲ್ಲವಂತೆ." ಹೇಳಿದ ಮೇಲೆ ಸುವಾರ್ತಮ್ಮನಿಗೆ ಮುದುಕಿಯ ಮುಖ ನೋಡಲಾಗಲಿಲ್ಲ. ಆ ಮಾತನ್ನು ಒಳಗೆ ಎಷ್ಟು ಜನ ಎಷ್ಟು ಬಗೆಯಲ್ಲಿ ಹೇಳಿದ್ದರೂ ಅಮ್ಮನನ್ನು ಹೆತ್ತವಳ ಎದುರು ಮೊದಲು ಹೇಳಿದವಳು ತಾನೇ.

ಮುದುಕಿ ಊದಿದ ಬೀಜವನ್ನು ಬಾಯಿಗೆ ಹಾಕಿಕೊಂಡು ಅಗಿದಳು.

"ಪೋನೀಲೇ, ಹೋಗ್ಲಿ," ಎಂದಳು. "ಒಳ್ಳೇದೇ ಆಯ್ತು ಬಿಡು. ಅವನು ಆ ಕಡೆ ಹೋದ್ರೆ ಅವಳಿರೋ ಕಡೆ ಬರಲ್ವಲ್ಲ. ಸತ್ತ ಮೇಲಾದ್ರೂ ಒದೆ ಇಲ್ದೆ ಇರ್ತಾಳೆ ನನ್ನ ಮಗಳು. ನಾನು ಹೋಗಿ ಅವಳ ಜತೆ ಇರ್ತೀನಿ. ನಿನಗೆ ಬೇಕಾದ್ರೆ ನೀನೂ ಬಾ, ಇಲ್ದಿದ್ರೆ ನಿಮ್ಮಪ್ಪನ ಹಿಂದೆ ಹೋಗು. ಬಲವಂತ ಇಲ್ಲ." ಅರ್ಧ ಹಲ್ಲು ಹೋದ ಬಾಯಿ ತೆರೆದು ನಕ್ಕಳು, ಆ ನಗುವಿನಲ್ಲಿ ಎಲ್ಲಿಯೂ ಅಳು ಇರಲಿಲ್ಲ, ಅದೇ ಭಯಂಕರವಾಗಿತ್ತು.

ಸುವಾರ್ತಮ್ಮ ಅವಳ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತಳು. ನಾನೂ ಬರ್ತೀನಿ ಎನ್ನಬೇಕೆಂದುಕೊಂಡಳು. ಒಳಗೆ ಅಷ್ಟು ಜನರ ಎದುರು ಹೇಳಿ ಬಂದದ್ದೂ ಅದೇ ಅಲ್ಲವೇ. ಆದರೆ ಇಲ್ಲಿ, ಒಬ್ಬಳೇ ಒಬ್ಬ ಮುದುಕಿಯ ಎದುರು, ಆ ಮಾತು ಹೊರಗೆ ಬರಲಿಲ್ಲ. ಅವಳು ಹೆದರುತ್ತಿದ್ದಾಳೆ. ಬೋರ್ಡಿಂಗಿನ ಗೋಡೆಯ ಮೇಲಿದ್ದ ನರಕದ ಬೆಂಕಿಯ ಚಿತ್ರಕ್ಕೆ ಈಗಲೂ, ಇಷ್ಟೆಲ್ಲ ಆದ ಮೇಲೂ, ಹೆದರುತ್ತಿದ್ದಾಳೆ.

"ಏಮೇ ಅದು, ಗೊಣಗ್ತಿದೀಯ?" ಎಂದಳು ದೊಡ್ಡಗಂಗಮ್ಮ, ಅವಳ ಮುಖವನ್ನೇ ನೋಡುತ್ತ.

ಆಗಲೇ ಗೊತ್ತಾದದ್ದು. ಒಳಗೆ ಹಾಡು ಕೊನೆಯ ಚರಣಕ್ಕೆ ಬಂದಿತ್ತು, ಅವಳ ತುಟಿಗಳು ಒಳಗಿನವರ ಜೊತೆಯಲ್ಲಿ ಒಂದಕ್ಷರವೂ ತಪ್ಪದೆ ಹಾಡುತ್ತಿದ್ದವು. ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡಳು. ಬಟ್ಟೆಯ ಹಿಂದೆಯೂ ತುಟಿಗಳು ಆಡುತ್ತಲೇ ಇದ್ದವು.